ಮಾತು ಬಲ್ಲವರಿಗೆ 15 ವಾಕ್ಯ ಕಷ್ಟವೇ?

'ಹೇಳಂದ್ರ ತಾಸುಗಟ್ಟಲೆ ಹೇಳ್ತೀನ್ರಿ ಸರ. ಬರಿ ಅಂದ್ರ ಕೈನ ಓಡೂದಿಲ್ಲ.'

ದೊಡ್ಡವರಾದ ಮೇಲೆ ಎಸ್ಸೆಸ್ಸೆಲ್ಸಿ ಕಟ್ಟುವವರಿಗೆ ಕನ್ನಡ ಹೇಳಿಕೊಡುವವರು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಮತ್ತೆ ಮತ್ತೆ ಕೇಳುವ ಮಾತಿನ ಧಾಟಿ ಇದು. ಗಣಿತ, ಇಂಗ್ಲಿಷ್ ಎಂದರೆ ಹೆದರಿಕೆ ಸಹಜ. ಆದರೆ ಹುಟ್ಟಿದಾಗಿನಿಂದ ಆಡುತ್ತ ಬಂದ ಕನ್ನಡದ ಪ್ರಶ್ನೆಪತ್ರಿಕೆಯಲ್ಲಿ 'ಪ್ರಬಂಧ ಬರೆಯಿರಿ' ಎಂಬ ಒಂದು ಸಾಲು ಕಂಡೊಡನೆ ಬೆವರುವುದೇಕೆ?

ಪ್ರಶ್ನೆಯೇನೂ ದೊಡ್ಡದಲ್ಲ. ಎರಡು ಮೂರು ವಿಷಯ ಕೊಟ್ಟಿರುತ್ತಾರೆ. ಅದರಲ್ಲಿ ಒಂದನ್ನು ಆರಿಸಿಕೊಂಡು ಸುಮಾರು 15 ವಾಕ್ಯ ಬರೆಯಬೇಕು. ಅದಕ್ಕೆ ನಾಲ್ಕೈದು ಅಂಕ. ಅದರ ಜೊತೆಗೆ ಒಂದು ಪತ್ರ, ಒಂದು ಗಾದೆಯ ವಿಸ್ತರಣೆ. ಇವು ಮೂರೂ ಪಾಠಪುಸ್ತಕದಲ್ಲಿ ಉತ್ತರ ಸಿಗದ ಪ್ರಶ್ನೆಗಳು. ಬರೆಯುವವರು ತಮ್ಮ ತಲೆಯಿಂದಲೇ ತೆಗೆಯಬೇಕು.

ಬಿಟ್ಟ ಶಾಲೆ, ಬಿಡದ ಆಸೆ

ಶಾಲೆಗೆ ಹೋಗದೆ ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವ ಅವಕಾಶ ಬಹಳ ವರ್ಷಗಳಿಂದ ಇದೆ. ಮೊದಲು ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ನಡೆಸುತ್ತಿದ್ದ ಈ ಪರೀಕ್ಷೆಯನ್ನು 2022ರಿಂದ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ ನಡೆಸುತ್ತಿದೆ. 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ನಡೆಸುವ ಪದ್ಧತಿ ಬಂತು. ಒಮ್ಮೆ ತಪ್ಪಿದರೆ ಇಡೀ ವರ್ಷ ಕಾಯಬೇಕಾದ ಚಿಂತೆ ಅಲ್ಲಿಗೆ ತಗ್ಗಿತು. ಇದಲ್ಲದೆ 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲೆಯ ದಾರಿಯೂ ಇದೆ.

ಹೀಗೆ ಪರೀಕ್ಷೆ ಕಟ್ಟುವವರು ಯಾರು? ಏಳನೆಯ ತರಗತಿ ಮುಗಿಯುತ್ತಲೇ ಮದುವೆಯಾದ ಹೆಣ್ಣುಮಕ್ಕಳು. ಅಪ್ಪ ಅವ್ವನ ಜೊತೆ ಗುಳೆ ಹೋಗಿ ಶಾಲೆ ತಪ್ಪಿಸಿಕೊಂಡವರು. ಗಣಿತದಲ್ಲಿ ನಪಾಸಾಗಿ ಗ್ಯಾರೇಜು, ಗಿರಣಿ ಸೇರಿದವರು. ಇವರಿಗೆ ಈ ಸರ್ಟಿಫಿಕೇಟು ಗೋಡೆಗೆ ತೂಗುಹಾಕುವ ಚಿತ್ರಪಟವಲ್ಲ, ಅನ್ನದ ಪ್ರಶ್ನೆ. ಅಂಗನವಾಡಿ ಸಹಾಯಕಿ ಹುದ್ದೆಗೆ ಹಿಂದೆ ನಾಲ್ಕಕ್ಷರ ಬಂದರೆ ನಡೆಯುತ್ತಿತ್ತು. ಈಗ ಅದಕ್ಕೂ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಕಾರ್ಯಕರ್ತೆಯಾಗಲು ಪಿಯುಸಿ ಬೇಕು.

ಈ ನಾಡಿನ ಹಿನ್ನೆಲೆಯನ್ನೂ ಮರೆಯುವಂತಿಲ್ಲ. 1948ರ ಸೆಪ್ಟೆಂಬರ್‌ವರೆಗೆ ಈ ತಾಲ್ಲೂಕುಗಳು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಆಡಳಿತದ ಭಾಷೆ ಉರ್ದು. ಕನ್ನಡ ಶಾಲೆಗಳು ವಿರಳ. ಕುಕನೂರಿನ ವಿದ್ಯಾನಂದ ಗುರುಕುಲದಂಥ ಸಂಸ್ಥೆಗಳೇ ಅಂದಿನ ಆಸರೆ. 1956ರಲ್ಲಿ ಕನ್ನಡ ನಾಡಿನೊಡನೆ ಕೂಡಿದ ಮೇಲೂ ಹಿಂದುಳಿದಿದ್ದು ಬೇಗ ತುಂಬಿಬರಲಿಲ್ಲ. ರಾಯಚೂರಿನಿಂದ ಬೇರ್ಪಟ್ಟು 1997ರಲ್ಲಿ ಹುಟ್ಟಿದ ಕೊಪ್ಪಳ ಜಿಲ್ಲೆಯಲ್ಲಿ 2011ರ ಜನಗಣತಿಯ ವೇಳೆಗೂ ಸಾಕ್ಷರತೆ ಶೇ. 68ರ ಆಸುಪಾಸಿನಲ್ಲಿತ್ತು. ಮಹಿಳೆಯರಲ್ಲಂತೂ ಶೇ. 60ನ್ನೂ ಮುಟ್ಟಿರಲಿಲ್ಲ. ಅಂದು ಶಾಲೆ ಬಿಟ್ಟವರಲ್ಲಿ ಕೆಲವರಾದರೂ ಇಂದು ಮಕ್ಕಳ ಪುಸ್ತಕ ತೆರೆದು ಕೂತಿದ್ದಾರೆ.

ಗೈಡಿನ ಕನ್ನಡ

ಪ್ರಬಂಧ ಎಂದೊಡನೆ ಇವರು ಕೈ ಹಾಕುವುದು ಗೈಡಿಗೆ. 'ನೀರು ಪ್ರಕೃತಿಯು ಮಾನವನಿಗೆ ನೀಡಿದ ಅಮೂಲ್ಯ ಕೊಡುಗೆಯಾಗಿದೆ' ಎಂಬಂಥ ವಾಕ್ಯಗಳ ಬಾಯಿಪಾಠ ಶುರುವಾಗುತ್ತದೆ. ರಾಷ್ಟ್ರೀಯ ಹಬ್ಬಗಳು, ಗ್ರಂಥಾಲಯದ ಮಹತ್ವ, ಪರಿಸರ ಮಾಲಿನ್ಯ ಹೀಗೆ ಹತ್ತು ಪ್ರಬಂಧ ಉರುಹೊಡೆದು ಹೋದರೆ, ಪತ್ರಿಕೆಯಲ್ಲಿ ಹನ್ನೊಂದನೆಯದು ಬಂದಿರುತ್ತದೆ! ಕಲಿತದ್ದೇ ಬಂದರೂ ನಡುವೆ ಒಂದು ವಾಕ್ಯ ಮರೆತರೆ ಮುಂದಿನದು ನೆನಪಾಗುವುದಿಲ್ಲ. ಹೊಲಿಗೆ ಬಿಚ್ಚಿದ ಚೀಲದಂತೆ ಎಲ್ಲವೂ ಸುರಿದುಹೋಗುತ್ತದೆ.

ಹದಿನೈದರ ಹುಡುಗನಿಗೆ ಬಾಯಿಪಾಠ ಸುಲಭ. ನಲವತ್ತರ ತಾಯಿಗೆ ಕಷ್ಟ. ಆದರೆ ಹುಡುಗನಲ್ಲಿ ಇಲ್ಲದ ಬಂಡವಾಳ ಆಕೆಯಲ್ಲಿದೆ. ಅದು ಅನುಭವ. ಪ್ರಬಂಧದ ಅಭ್ಯಾಸ ಶುರುವಾಗಬೇಕಾದುದು ಗೈಡಿನಿಂದಲ್ಲ, ಈ ಬಂಡವಾಳದಿಂದ.

ಗಂಗಾವತಿ ಸೀಮೆಯಲ್ಲಿ ನೆಲ್ಲಿನ ಸಸಿ ಹಚ್ಚುವ ಹೆಣ್ಣುಮಗಳಿಗೆ 'ನೀರಿನ ಮಹತ್ವ' ಎಂಬ ವಿಷಯ ಕೊಟ್ಟರೆ ಆಕೆ ಎಲ್ಲಿಂದ ಆರಂಭಿಸಬಹುದು? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಹೊಳೆಗೆ ಹರಿಯಿತು. ಹಗಲು ರಾತ್ರಿ ದುಡಿದು ತಾತ್ಕಾಲಿಕ ಗೇಟು ಕೂರಿಸುವವರೆಗೆ, ಸುಮಾರು ಒಂದು ವಾರ, ಎಡದಂಡೆ ಕಾಲುವೆಯ ರೈತರ ಜೀವ ಕೈಯಲ್ಲಿತ್ತು. ಇದೇ ಪೀಠಿಕೆ. ಕಾಲುವೆ ನೀರು ಬಂದರೆ ಕೂಲಿ, ಬಾರದಿದ್ದರೆ ಗುಳೆ ಎಂಬುದು ವಿವರಣೆ. ನೀರನ್ನು ಹೇಗೆ ಉಳಿಸಬೇಕು ಎಂಬುದು ಉಪಸಂಹಾರ. ಇದನ್ನು ಆಕೆ ಉರುಹೊಡೆಯಬೇಕಾಗಿಲ್ಲ. ಮರೆಯುವುದೂ ಇಲ್ಲ.

ಕೊಪ್ಪಳದ ಮಗ್ಗುಲಿನ ಕಿನ್ನಾಳದವರಿಗೆ 'ಗುಡಿ ಕೈಗಾರಿಕೆ' ಎಂದರೆ ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟು ಹಚ್ಚಿ, ಬಣ್ಣ ಬಳಿದು ಗೊಂಬೆ ಮಾಡುವುದು. ಭಾಗ್ಯನಗರದವರಿಗೆ ಅದು ಮಗ್ಗ ಮತ್ತು ಕೂದಲು ಬಿಡಿಸುವ ಕೆಲಸ. ಕುಷ್ಟಗಿಯವರಿಗೆ 'ನಿರುದ್ಯೋಗ' ಎಂದರೆ ಬೆಂಗಳೂರು, ಮಂಗಳೂರಿಗೆ ಹೊರಟ ಬಸ್ಸು, ಅದರ ಮೇಲೆ ಹೇರಿದ ಗಂಟುಮೂಟೆ. ಯಲಬುರ್ಗಾದ ಎರೆ ಹೊಲದವರಿಗೆ 'ಕೃಷಿ' ಎಂದರೆ ಕಪ್ಪು ಮಣ್ಣು ಹಿಡಿದಿಟ್ಟ ಹಸಿಯಲ್ಲೇ ಬೆಳೆದು ಬರುವ ಹಿಂಗಾರಿ ಜೋಳ ಮತ್ತು ಕಡಲೆ. ಮಸಾರಿ ಹೊಲದಲ್ಲಿ ಅದು ಯಾಕೆ ಆಗದು ಎಂದು ಅವರು ಕಾರಣ ಸಹಿತ ಹೇಳಬಲ್ಲರು. ಕಂಡದ್ದನ್ನು ಹೇಳಿ, ಅದಕ್ಕೆ ಕಾರಣ ಕೊಟ್ಟು, ಕೊನೆಗೆ ತಾತ್ಪರ್ಯ ತೆಗೆಯುವುದೇ ಒಳ್ಳೆಯ ಪ್ರಬಂಧ. ವಿಜ್ಞಾನದ ಪ್ರಯೋಗ ಬರೆಯುವ ಕ್ರಮವೂ ಇದೇ.

ಮಾತಿನಿಂದ ಬರಹಕ್ಕೆ

'ನಮ್ಮ ಮಾತು ಒರಟು, ಪರೀಕ್ಷೆಗೆ ನಡೆಯೂದಿಲ್ಲ' ಎಂಬ ಕೀಳರಿಮೆ ಇನ್ನೊಂದು ತೊಡಕು. ಅರ್ಧ ಮಾತ್ರ ನಿಜ. 'ಹೋಗ್ಯಾನ' ಎಂಬುದು ಬರಹದಲ್ಲಿ 'ಹೋಗಿದ್ದಾನೆ' ಆಗಬೇಕು. 'ಮಾಡಾಕತ್ತಾರ' ಎಂಬುದು 'ಮಾಡುತ್ತಿದ್ದಾರೆ' ಆಗಬೇಕು. 'ಅದಕ್ಕ' ಎಂಬುದು 'ಅದಕ್ಕೆ' ಆಗಬೇಕು. ಬದಲಾಗಬೇಕಾದುದು ಹೆಚ್ಚಾಗಿ ಪದದ ಬಾಲ, ಪದವಲ್ಲ. ಎರೆ, ಮಸಾರಿ, ಕೂರಿಗೆ, ಕುಂಟೆ, ರಾಶಿ ಇವೆಲ್ಲ ಕನ್ನಡದ ಮಾತುಗಳೇ. ಅವನ್ನು ಅಳಿಸಿ ಗೈಡಿನ ಪದ ತುರುಕಬೇಕಾಗಿಲ್ಲ.

ಕೀಳರಿಮೆಗೆ ಇನ್ನೂ ಒಂದು ಉತ್ತರವಿದೆ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕನ್ನಡದ ತಿರುಳು ಇರುವ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳ ಜೊತೆ ಹೆಸರಿಸುವುದು ಕೊಪಣ ನಗರವನ್ನು. ಅಂದರೆ ಇದೇ ಕೊಪ್ಪಳವನ್ನು! ಓದು ಕಲಿಯದೆಯೂ ಕಾವ್ಯ ಕಟ್ಟಬಲ್ಲ ಜಾಣರೆಂದು ಕನ್ನಡ ಜನರನ್ನು ಹೊಗಳಿದ್ದೂ ಆ ಗ್ರಂಥವೇ. ಹಂತಿ ಪದ, ಸೋಬಾನೆ ಪದ ಹಾಡಿಕೊಂಡು ಬಂದ ಈ ಸೀಮೆಯವರಿಗೆ 15 ವಾಕ್ಯ ಬಾರದೆಂದರೆ ಹೇಗೆ?

ದಿನಕ್ಕೆ ಕಾಲು ತಾಸು

ಹಾಗೆಂದು ಅನುಭವವೊಂದೇ ಸಾಲದು. ಕೈಗೆ ರೂಢಿ ಬೇಕು. ಕುಡುಗೋಲು ಹಿಡಿದ ಕೈಗೆ ಪೆನ್ನು ಭಾರ. ಹತ್ತು ಸಾಲಿಗೆ ಬೆರಳು ನೋಯುತ್ತವೆ. ಶಾಲೆಯ ಮಕ್ಕಳಿಗೆ ವರ್ಷವಿಡೀ ಮಾಡಿದ ಚಟುವಟಿಕೆಗಳ ಆಂತರಿಕ ಅಂಕಗಳಿರುತ್ತವೆ. ಖಾಸಗಿಯಾಗಿ ಕಟ್ಟುವವರಿಗೆ ಆ ಒಂದು ಉತ್ತರಪತ್ರಿಕೆಯೇ ಎಲ್ಲ. ಆದ್ದರಿಂದ ಕೈಯ ಓಟ ಮುಖ್ಯ.

ಮೊದಲ ವಾರ ದಿನಕ್ಕೆ ಐದೇ ವಾಕ್ಯ ಬರೆದರೆ ಸಾಕು. 'ಇವತ್ತು ಏನು ಮಾಡಿದೆ' ಎಂಬುದೇ ವಿಷಯವಾಗಲಿ. ಬರೆಯುವ ಮುನ್ನ ಅದನ್ನು ಬಾಯಲ್ಲಿ ಹೇಳಿಕೊಳ್ಳಬೇಕು. ಎರಡನೆಯ ವಾರ ಹತ್ತು ವಾಕ್ಯ. ಮೂರನೆಯ ವಾರದಿಂದ ಹಳೆಯ ಪ್ರಶ್ನೆಪತ್ರಿಕೆಯ ಒಂದು ವಿಷಯ ಹಿಡಿದು, ಗಡಿಯಾರ ಮುಂದಿಟ್ಟುಕೊಂಡು, ಕಾಲು ತಾಸಿನಲ್ಲಿ 15 ವಾಕ್ಯ. ಎರಡು ವಾಕ್ಯ ಪೀಠಿಕೆ, ಹತ್ತು ಹನ್ನೊಂದು ವಿವರಣೆ, ಎರಡು ಉಪಸಂಹಾರ. ಮೌಲ್ಯಮಾಪಕರು ಮೊದಲು ಹುಡುಕುವುದು ಈ ಮೂರು ಭಾಗಗಳನ್ನೇ. ಭಾಗಕ್ಕೊಂದು ಪ್ಯಾರಾ ಮಾಡಿದರೆ ಕಣ್ಣಿಗೆ ಬೀಳುತ್ತದೆ.

ಬರೆದದ್ದನ್ನು ಗಟ್ಟಿಯಾಗಿ ಓದಬೇಕು. ಓದುವಾಗ ಎಲ್ಲಿ ಎಡವುತ್ತದೋ ಅಲ್ಲಿ ವಾಕ್ಯ ಕೆಟ್ಟಿದೆ ಎಂದರ್ಥ. ಅದನ್ನು ಎರಡು ತುಂಡು ಮಾಡಿದರೆ ಸರಿಹೋಗುತ್ತದೆ. ಉದ್ದ ವಾಕ್ಯಕ್ಕೆ ಹೆಚ್ಚು ಅಂಕವೇನಿಲ್ಲ. ಒತ್ತಕ್ಷರ, ಮಹಾಪ್ರಾಣಗಳ ತಪ್ಪನ್ನು ಮನೆಯ ಮಗನೋ ಮಗಳೋ ಕೆಂಪು ಶಾಯಿಯಲ್ಲಿ ತಿದ್ದಲಿ. ಅವ್ವನ ಪ್ರಬಂಧ ತಿದ್ದುವ ಮಗಳಿಗೂ ಅದು ಪಾಠವೇ. ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ಓದಿಕೊಳ್ಳಲು ಕೊಡುವ 15 ನಿಮಿಷದಲ್ಲಿ ಪ್ರಬಂಧದ ವಿಷಯ ಆರಿಸಿಕೊಂಡರೆ, ಬರೆಯುವ ಹೊತ್ತಿಗೆ ಗೊಂದಲವಿರದು.

ಅಂಕಕ್ಕೂ ಆಚೆ

ನಾಲ್ಕೈದು ಅಂಕಕ್ಕೆ ಇಷ್ಟೆಲ್ಲ ಬೇಕೇ ಎಂದು ಕೇಳಬಹುದು. ಪಾಸು ನಪಾಸಿನ ಅಂಚಿನಲ್ಲಿ ನಿಂತವರಿಗೆ ಆ ನಾಲ್ಕೈದು ಅಂಕವೇ ದಡ. ಅದಕ್ಕಿಂತ ಮಿಗಿಲಾದ ಲಾಭ ಬೇರೆಯೇ ಇದೆ. ಪಿಂಚಣಿ ಬಂದಿಲ್ಲ, ನಳಕ್ಕೆ ನೀರಿಲ್ಲ, ಪಹಣಿಯಲ್ಲಿ ಹೆಸರು ತಪ್ಪಾಗಿದೆ ಎಂದು ಕಚೇರಿಗೆ ಹೋದವರಿಂದ ಮೊದಲು ಕೇಳುವುದು ಅರ್ಜಿಯನ್ನು. ಬರೆಯಲು ಬಾರದವರು ಕಚೇರಿಯ ಹೊರಗೆ ಕೂತ ಅರ್ಜಿ ಬರೆಯುವವರಿಗೆ ಹಣ ತೆತ್ತು, ತಮ್ಮ ದುಃಖವನ್ನು ಬೇರೆಯವರ ಮಾತಿನಲ್ಲಿ ಬರೆಸುತ್ತಾರೆ. ಅದರಲ್ಲಿ ಏನಿದೆ ಎಂದು ತಿಳಿಯದೆಯೇ ಹೆಬ್ಬೆಟ್ಟೊತ್ತಿದವರೂ ಉಂಟು.

15 ವಾಕ್ಯ ಕ್ರಮವಾಗಿ ಬರೆಯಬಲ್ಲವರಿಗೆ ಅರ್ಜಿ ಬರೆಯುವುದು ಕಷ್ಟವಲ್ಲ. ಏನಾಯಿತು, ಯಾಕಾಯಿತು, ಏನಾಗಬೇಕು ಎಂಬ ಮೂರು ಮಾತು ಸಾಕು. ಫಲಿತಾಂಶ ಏನೇ ಬರಲಿ, ಅಡುಗೆ ಮನೆಯ ದೀಪದಲ್ಲಿ ತುಂಬಿಸಿದ ಆ ಇನ್ನೂರು ಪುಟದ ನೋಟುಬುಕ್ಕು ಕೊಟ್ಟದ್ದನ್ನು ಯಾರೂ ಕಸಿದುಕೊಳ್ಳಲಾರರು. ಹೇಳಲು ಬಲ್ಲ ಕೈ ಬರೆಯಲೂ ಕಲಿತಿರುತ್ತದೆ.