ಲೋಹ ಹಿಡಿಯುವ ಅಮೈನೊ ಆಮ್ಲ

2 ಗ್ರಾಂ ಕಾಪರ್ ಅಸಿಟೇಟ್, 1.5 ಗ್ರಾಂ ಗ್ಲೈಸಿನ್ ಎಂಬ ಅಮೈನೊ ಆಮ್ಲ. ಎರಡನ್ನೂ ಬೇರೆ ಬೇರೆ ಬಿಸಿನೀರಿನಲ್ಲಿ ಕರಗಿಸಿ, ಮೊದಲನೆಯದಕ್ಕೆ ಎಥನಾಲ್ ಬೆರೆಸಿ, ಬಿಸಿ ಆರುವ ಮುನ್ನ ಕೂಡಿಸಿ ಮಂಜುಗಡ್ಡೆಯಲ್ಲಿಟ್ಟರೆ ಬೀಕರಿನ ತಳದಲ್ಲಿ ನೀಲಿ ಹರಳು ಕೂರುತ್ತದೆ. ರಸಾಯನವಿಜ್ಞಾನದ ವಿದ್ಯಾರ್ಥಿಗಳು ಕೈ ಪಳಗಿಸಿಕೊಳ್ಳುವ ಪಾಠವಿದು. ಒಂದು ತಾಮ್ರಕ್ಕೆ ಎರಡು ಗ್ಲೈಸಿನ್. ಪ್ರತಿಯೊಂದೂ ನೈಟ್ರೋಜನ್, ಆಕ್ಸಿಜನ್ ಎರಡರಿಂದಲೂ ಏಡಿಯ ಕೊಂಡಿಯಂತೆ ಲೋಹವನ್ನು ಕಚ್ಚಿ ಹಿಡಿಯುತ್ತದೆ.

ಹಿಡಿದದ್ದಕ್ಕೆ ಸಾಕ್ಷಿ ರೋಹಿತ. ಬರೀ ನೀರಿನಲ್ಲಿದ್ದಾಗ 800 ನ್ಯಾನೊಮೀಟರ್ ಆಸುಪಾಸಿನ ಬೆಳಕನ್ನು ಹೀರುತ್ತಿದ್ದ ತಾಮ್ರ, ಗ್ಲೈಸಿನ್ ಸೇರಿದ ಮೇಲೆ 630ರ ಸುಮಾರಿಗೆ ಇಳಿಯುತ್ತದೆ. ತಿಳಿನೀಲಿ ಕಡುನೀಲಿಯಾಗುವುದು ಅದಕ್ಕೇ. ಇನ್‌ಫ್ರಾರೆಡ್ ರೋಹಿತ ಇನ್ನಷ್ಟು ಬಿಡಿಸಿ ಹೇಳುತ್ತದೆ: ಬಿಡಿ ಗ್ಲೈಸಿನ್‌ನ ನೈಟ್ರೋಜನ್ ಮೇಲೆ ಮೂರು ಹೈಡ್ರೋಜನ್ ಇರುತ್ತವೆ, ಅದರಲ್ಲೊಂದು ಹೋಗಿ ಲೋಹ ಬಂದು ಕೂತರೆ ಹಳೆಯ ಅಗಲ ಪಟ್ಟಿ ಅಳಿದು, 3,300 ತರಂಗಸಂಖ್ಯೆಯ ಬಳಿ ಚೂಪು ಶಿಖರಗಳು ಏಳುತ್ತವೆ.

ಮೈಸೂರಿಗೂ ಅಮೈನೊ ಆಮ್ಲಗಳಿಗೂ ಹಳೆಯ ನಂಟು. ಮೈಸೂರು ವಿಶ್ವವಿದ್ಯಾನಿಲಯದ ಡಿ.ಎಸ್. ಮಹದೇವಪ್ಪ, ಮುಂದೆ ಅಲ್ಲೇ ಕುಲಪತಿಯಾದ ಕೆ.ಎಸ್. ರಂಗಪ್ಪ ಮತ್ತು ಸಂಗಡಿಗರು ಆರ್ಜಿನೀನ್, ಹಿಸ್ಟಿಡೀನ್, ಥ್ರಿಯೊನೀನ್‌ಗಳನ್ನು ಕ್ಲೋರಮೀನ್-ಟಿ ಎಷ್ಟು ವೇಗದಲ್ಲಿ ಉತ್ಕರ್ಷಿಸುತ್ತದೆ ಎಂಬ ಅಳತೆಯನ್ನು 1981ರಲ್ಲಿ ಪ್ರಕಟಿಸಿದರು. ಅದು ಅಮೈನೊ ಆಮ್ಲ ಒಡೆಯುವ ಲೆಕ್ಕ. ಲೋಹ ಯಾರ ಹಿಡಿತದಲ್ಲಿದೆ ಎಂಬ ಲೆಕ್ಕ ಎದುರಾಗುವುದು ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಶುರುವಾದ, ಮೈಸೂರಿನದೇ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ.

ರಾಗಿ, ಬೇಳೆಗಳಲ್ಲಿ ಕಬ್ಬಿಣವೇನೋ ಇದೆ. ಆ ಕಾಳುಗಳಲ್ಲೇ ಇರುವ ಫೈಟೇಟ್ ಎಂಬ ಸಂಯುಕ್ತ ಅದನ್ನು ಕಟ್ಟಿಹಾಕಿ ಕರುಳಿಗೆ ದಕ್ಕಗೊಡುವುದಿಲ್ಲ. ಔಷಧ ಅಂಗಡಿಯ ಫೆರಸ್ ಬಿಸ್‌ಗ್ಲೈಸಿನೇಟ್ ಮಾತ್ರೆ ಇದಕ್ಕೊಂದು ಉತ್ತರ. ಅಲ್ಲೂ ಒಂದು ಕಬ್ಬಿಣಕ್ಕೆ ಎರಡು ಗ್ಲೈಸಿನ್. ಮೊದಲೇ ಹಿಡಿತದಲ್ಲಿರುವ ಲೋಹ ಫೈಟೇಟಿಗೆ ಸುಲಭಕ್ಕೆ ಸಿಕ್ಕುವುದಿಲ್ಲ.

ಸಿಎಫ್‌ಟಿಆರ್‌ಐಯ ಕಲ್ಪನಾ ಪ್ಲಾಟೆಲ್, ಕೆ. ಶ್ರೀನಿವಾಸನ್ ತಂಡ ಉತ್ತರ ಹುಡುಕಿದ್ದು ಅಡುಗೆಮನೆಯಲ್ಲಿ. ಜೀರ್ಣಕ್ರಿಯೆಯನ್ನು ಪ್ರಯೋಗಾಲಯದಲ್ಲೇ ಅನುಕರಿಸಿ ಧಾನ್ಯ, ಬೇಳೆಕಾಳುಗಳಿಗೆ ಈರುಳ್ಳಿ, ಬೆಳ್ಳುಳ್ಳಿ ಬೆರೆಸಿ ನೋಡಿದರು. ಏಕದಳ ಧಾನ್ಯಗಳಿಂದ ದಕ್ಕುವ ಕಬ್ಬಿಣದಲ್ಲಿ ಕನಿಷ್ಠ ಶೇ 9.4, ಗರಿಷ್ಠ ಶೇ 65.9ರಷ್ಟು ಹೆಚ್ಚಳ ಕಂಡಿತು, ಸತುವೂ ಹೆಚ್ಚಿತು. ಫಲಿತಾಂಶ 2010ರಲ್ಲಿ ಪ್ರಕಟವಾಯಿತು.

ಬೆಳ್ಳುಳ್ಳಿಯ ಘಾಟಿಗೆ ಮೂಲವಾದ ಅಲ್ಲಿಇನ್, ಗಂಧಕವುಳ್ಳ ಅಮೈನೊ ಆಮ್ಲ ಸಿಸ್ಟೀನಿನ ಬಂಧು. ಸಿಸ್ಟೀನ್ ಇದ್ದರೆ ಕಬ್ಬಿಣ ಹೆಚ್ಚು ದಕ್ಕುತ್ತದೆಂಬುದೂ ತಿಳಿದದ್ದೇ. ಆದರೂ ಕಬ್ಬಿಣವನ್ನು ಫೈಟೇಟಿನಿಂದ ಬಿಡಿಸಿದ್ದು ಇಂಥದ್ದೇ ಅಣು ಎಂದು ತೀರ್ಪು ಕೊಡಬೇಕಾದರೆ, ನೀಲಿ ಹರಳಿಗೆ ಸಿಕ್ಕಂಥ ರೋಹಿತದ ಪುರಾವೆ ಬೇಕು. ಬಸ್ಸಾರಿಗೆ ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕುವವರು ಅಲ್ಲಿಯವರೆಗೆ ಕಾಯಬೇಕಾಗಿಲ್ಲ.