ಕಚ್ಚಾ ತೈಲದ ಭಟ್ಟಿ: ಹಂಡೆಯಿಂದ ಗೋಪುರದವರೆಗೆ

ಕರಾವಳಿಯ ನಮ್ಮ ಮನೆಗಳಲ್ಲಿ ‘ರಿಫೈನರಿ’ ಎಂಬ ಪದಕ್ಕೆ ಅರ್ಥ ಹೇಳಬೇಕಾದ ಪ್ರಮೇಯವಿಲ್ಲ. ಕುವೈತ್, ಬಹರೈನ್, ಅಬುಧಾಬಿಗಳ ತೈಲ ಶುದ್ಧೀಕರಣಾಗಾರಗಳಲ್ಲಿ ಫಿಟ್ಟರ್, ವೆಲ್ಡರ್, ಆಪರೇಟರ್, ಇನ್‌ಸ್ಪೆಕ್ಟರ್ ಆಗಿ ದುಡಿದವರು, ಈಗಲೂ ದುಡಿಯುತ್ತಿರುವವರು ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿದ್ದಾರೆ. ‘ಶಟ್‌ಡೌನ್ ಕೆಲಸಕ್ಕೆ’ ಎಂದು ಎರಡು ಮೂರು ತಿಂಗಳ ಮಟ್ಟಿಗೆ ವಿಮಾನವೇರುವ ತರುಣರೂ ಉಂಟು. ದೂರ ಹೋಗುವುದೇಕೆ? ಮಂಗಳೂರಿನ ಉತ್ತರಕ್ಕೆ ಕುತ್ತೆತ್ತೂರಿನ ಬಳಿ 1996ರಲ್ಲಿ ಕಾರ್ಯಾರಂಭ ಮಾಡಿದ ಶುದ್ಧೀಕರಣಾಗಾರವು ಹಂತಹಂತವಾಗಿ ಬೆಳೆದು, ವರ್ಷಕ್ಕೆ 15 ದಶಲಕ್ಷ ಟನ್ ಕಚ್ಚಾ ತೈಲವನ್ನು ಸಂಸ್ಕರಿಸುವ ಸಾಮರ್ಥ್ಯ ಪಡೆದಿದೆ. ಗಂಟೆಯ ಲೆಕ್ಕದಲ್ಲಿ ಸುಮಾರು 1,700 ಟನ್. ಇಷ್ಟಾದರೂ ಆ ಗೋಪುರಗಳ ಒಳಗೆ ನಡೆಯುವುದೇನು, ಅವುಗಳನ್ನು ಉತ್ತಮಪಡಿಸುವುದೆಂದರೆ ಏನು ಎಂಬುದನ್ನು ಬಲ್ಲವರು ನಮ್ಮಲ್ಲಿ ವಿರಳ. ದುಡಿಯುವವರು ಮನೆಗೆ ಬಂದಾಗ ಕೆಲಸದ ಮಾತು ಆಡುವುದು ಕಡಿಮೆ. ಮನೆಯವರು ಕೇಳುವುದೂ ಕಡಿಮೆ. ಆದುದರಿಂದ ಈ ವಾರ ಆ ವಿಷಯವನ್ನೇ ವಾಚಕರ ಮುಂದಿಡಲು ಬಯಸುತ್ತೇವೆ.

ಕಚ್ಚಾ ತೈಲವು ಒಂದೇ ವಸ್ತುವಲ್ಲ. ಬೇರೆ ಬೇರೆ ಉಷ್ಣತೆಯಲ್ಲಿ ಕುದಿಯುವ ಅಸಂಖ್ಯ ದ್ರವಗಳು ಅದರಲ್ಲಿ ಬೆರೆತಿವೆ. ಕಾಯಿಸಿದಾಗ ಹಗುರವಾದುದು ಮೊದಲು ಆವಿಯಾಗುತ್ತದೆ, ಭಾರವಾದುದು ಕೊನೆಗೆ. ಆವಿಯನ್ನು ತಣಿಸಿ ಪ್ರತ್ಯೇಕವಾಗಿ ಹಿಡಿದರೆ ಪೆಟ್ರೋಲಿನ ಮೂಲವಾದ ನಾಫ್ತಾ, ಆಮೇಲೆ ಸೀಮೆಎಣ್ಣೆ, ಆಮೇಲೆ ಡೀಸೆಲ್ ದೊರೆಯುತ್ತವೆ. ತಳದಲ್ಲಿ ಕಪ್ಪಗಿನ ಶೇಷ ಉಳಿಯುತ್ತದೆ. ಗೇರುಹಣ್ಣಿನ ರಸದಿಂದ ಫೆನಿ ಇಳಿಸುವವರು ಅನುಸರಿಸುವ ತತ್ತ್ವವೂ ಇದೇ. ಭೇದವಿರುವುದು ಗಾತ್ರದಲ್ಲಿ ಮತ್ತು ಅಪಾಯದಲ್ಲಿ.

ಈ ಉದ್ಯಮದ ಮೊದಲಿಗರಲ್ಲಿ ಒಬ್ಬರಾದ ಇಗ್ನಾಸಿ ಲುಕಾಸೀವಿಚ್ ಅವರು ಪೋಲೆಂಡ್ ಮೂಲದ ಔಷಧ ತಜ್ಞರು. ಅಂದು ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದು ಯುಕ್ರೇನಿನಲ್ಲಿರುವ ಲ್ವೀವ್ ನಗರದ ಔಷಧಾಲಯವೊಂದರಲ್ಲಿ ಅವರು ಯಾನ್ ಝೆಹ್ ಎಂಬ ಸಹೋದ್ಯೋಗಿಯೊಡನೆ ಭೂಮಿಯಿಂದ ಒಸರುವ ತೈಲವನ್ನು ಭಟ್ಟಿ ಇಳಿಸಿ ದೀಪಕ್ಕೆ ಒಗ್ಗುವ ಸೀಮೆಎಣ್ಣೆಯನ್ನು ಪಡೆದರು. 1853ರ ಜುಲೈ 31ರಂದು ಅದೇ ನಗರದ ಆಸ್ಪತ್ರೆಯಲ್ಲಿ ರಾತ್ರಿ ತುರ್ತು ಶಸ್ತ್ರಚಿಕಿತ್ಸೆ ನಡೆದದ್ದು ಆ ದೀಪಗಳ ಬೆಳಕಿನಲ್ಲಿ. 1856ರಲ್ಲಿ ಅವರು ಯಾಸ್ವೊ ಪಟ್ಟಣದ ಬಳಿ ಸ್ಥಾಪಿಸಿದ ಭಟ್ಟಿಯು 1859ರಲ್ಲಿ ಬೆಂಕಿಗೆ ಆಹುತಿಯಾಯಿತು. ಅವರು ಎದೆಗುಂದದೆ ಬೇರೆಡೆ ಮತ್ತೆ ಕಟ್ಟಿದರು. ತೈಲ ಕಾರ್ಮಿಕರಿಗಾಗಿ ವಂತಿಗೆಯ ಸಹಾಯನಿಧಿಯೊಂದನ್ನು ಆರಂಭಿಸಿ, ಗಾಯಗೊಂಡವರಿಗೂ ವೃದ್ಧರಿಗೂ ಆಸರೆ ಒದಗಿಸಿದರು. ಜಗದ್ಗುರು ಒಂಬತ್ತನೆಯ ಪಯಸ್ ಅವರು 1873ರಲ್ಲಿ ಇವರನ್ನು ಗೌರವಿಸಿದರೆಂಬುದು ಈ ಅಂಕಣದ ವಾಚಕರಿಗೆ ಸಂತಸದ ಸಂಗತಿಯಾದೀತು. ಆದರೆ ನಮ್ಮ ಗಮನ ಸೆಳೆದುದು ಆ ಸಹಾಯನಿಧಿ. ಈ ಯಂತ್ರ ಸುಡಬಲ್ಲದು ಎಂಬುದನ್ನು ಅದರ ಆದ್ಯರೇ ಅರಿತಿದ್ದರು.

ಆ ಕಾಲದ ಭಟ್ಟಿಯೆಂದರೆ ಬಚ್ಚಲುಮನೆಯ ಹಂಡೆಯ ದೊಡ್ಡಣ್ಣ. ಕಬ್ಬಿಣದ ಪಾತ್ರೆಗೆ ತೈಲ ತುಂಬಿ ಅಡಿಯಲ್ಲಿ ಬೆಂಕಿ ಹಾಕುವುದು, ಬಂದುದನ್ನೆಲ್ಲ ಹಿಡಿದ ಮೇಲೆ ಬೆಂಕಿ ಆರಿಸುವುದು, ತಣ್ಣಗಾದ ಮೇಲೆ ಒಳಗಿಳಿದು ತಳಕ್ಕೆ ಹತ್ತಿದ ಇದ್ದಲಿನಂಥ ಕಿಟ್ಟವನ್ನು ಕೆರೆದು ತೆಗೆಯುವುದು, ಮತ್ತೆ ತುಂಬುವುದು. ಪ್ರತಿ ಸಲವೂ ಹಂಡೆಯನ್ನು ಹೊಸದಾಗಿ ಕಾಯಿಸಬೇಕು. ಆ ಶಾಖವೆಲ್ಲ ಗಾಳಿಗೆ. 1880ರ ದಶಕದಲ್ಲಿ ಬಾಕುವಿನಲ್ಲಿ ನೊಬೆಲ್ ಸಹೋದರರು ಹಂಡೆಗಳನ್ನು ಮೆಟ್ಟಿಲಿನಂತೆ ಸಾಲಾಗಿ ಜೋಡಿಸಿ, ತೈಲವು ಒಂದರಿಂದ ಇನ್ನೊಂದಕ್ಕೆ ತಾನಾಗಿ ಹರಿಯುವಂತೆ ಮಾಡಿದರು. ಪ್ರತಿ ಹಂಡೆಯೂ ಹಿಂದಿನದಕ್ಕಿಂತ ಹೆಚ್ಚು ಬಿಸಿ; ಪ್ರತಿಯೊಂದರಿಂದಲೂ ಒಂದೊಂದು ಬಗೆಯ ಎಣ್ಣೆ. ಭಟ್ಟಿಯು ಹಗಲಿರುಳು ನಿಲ್ಲದೆ ನಡೆಯುವುದು ಸಾಧ್ಯವಾಯಿತು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಹಂಡೆಯೇ ಮಾಯವಾಯಿತು. ಕುಲುಮೆಯೊಳಗಿನ ಕೊಳವೆಗಳಲ್ಲಿ ತೈಲವನ್ನು ವೇಗವಾಗಿ ಹರಿಸಿ ಕಾಯಿಸುವುದು, ಕಾದ ಮಿಶ್ರಣವನ್ನು ಎತ್ತರದ ಗೋಪುರಕ್ಕೆ ಬಿಡುವುದು ಎಂಬ ಕ್ರಮ ನೆಲೆಗೊಂಡಿತು. ಇಂದಿನ ಘಟಕಗಳ ಅಸ್ಥಿಪಂಜರವೂ ಇದೇ.

ಗೋಪುರದ ಒಳಗೆ, ಇಡ್ಲಿ ಪಾತ್ರೆಯಲ್ಲಿರುವಂತೆ, ತೂತುಗಳುಳ್ಳ ತಟ್ಟೆಗಳು ಒಂದರ ಮೇಲೊಂದು ಇರುತ್ತವೆ. ಕೆಳಗಿನಿಂದ ಏರುವ ಆವಿ, ತಟ್ಟೆಯ ಮೇಲೆ ನಿಂತ ದ್ರವದ ಮೂಲಕ ಗುಳ್ಳೆಗಳಾಗಿ ಹಾಯುತ್ತದೆ. ಭಾರವಾದ ಅಂಶ ಅಲ್ಲಿಯೇ ದ್ರವವಾಗಿ ಕೆಳಕ್ಕಿಳಿಯುತ್ತದೆ, ಹಗುರವಾದುದು ಮೇಲೇರುತ್ತದೆ. ತಳದಲ್ಲಿ ಹೆಚ್ಚು ಬಿಸಿ, ತುದಿಯಲ್ಲಿ ಕಡಿಮೆ. ಸೀಮೆಎಣ್ಣೆ, ಡೀಸೆಲ್ ಇತ್ಯಾದಿಗಳನ್ನು ತಕ್ಕ ಎತ್ತರದಲ್ಲಿ ಪಕ್ಕದ ಕೊಳವೆಗಳಿಂದ ಹೊರತೆಗೆಯುತ್ತಾರೆ. ಮೊದಮೊದಲು ಪ್ರತಿ ತೂತಿನ ಮೇಲೂ ಲೋಹದ ಟೊಪ್ಪಿಗೆಯೊಂದು ಇರುತ್ತಿತ್ತು. ಕಳೆದ ಶತಮಾನದ ನಡುವಿನಿಂದ, ಆವಿಯ ಒತ್ತಡಕ್ಕೆ ತಕ್ಕಂತೆ ಏರಿಳಿಯುವ ಪುಟ್ಟ ಮುಚ್ಚಳಗಳ ತಟ್ಟೆಗಳು ಬಂದವು. ಹಳೆಯ ಗೋಪುರದಲ್ಲಿಯೇ ತಟ್ಟೆಗಳನ್ನು ಬದಲಿಸಿ ಹೆಚ್ಚು ತೈಲ ಹಾಯಿಸುವುದು ಇದರಿಂದ ಸಾಧ್ಯವಾಯಿತು. ಹೊಸ ಗೋಪುರ ಕಟ್ಟುವ ವೆಚ್ಚಕ್ಕೆ ಹೋಲಿಸಿದರೆ ಇದು ಅಲ್ಪವೆಂದೇ ಹೇಳಬೇಕು.

ಇನ್ನು ತಳದ ಶೇಷ. ತೈಲವನ್ನು 370 ಡಿಗ್ರಿ ಸೆಲ್ಷಿಯಸ್ ಆಸುಪಾಸಿಗಿಂತ ಮೇಲೆ ಕಾಯಿಸಿದರೆ ಅದು ಆವಿಯಾಗುವ ಬದಲು ಒಡೆದು ಕಿಟ್ಟಗಟ್ಟಲು ತೊಡಗುತ್ತದೆ. ಎತ್ತರದ ಬೆಟ್ಟದ ಮೇಲೆ ಗಾಳಿಯ ಒತ್ತಡ ಕಡಿಮೆಯಾದುದರಿಂದ ನೀರು ಬೇಗನೆ ಕುದಿಯುವುದನ್ನು ವಾಚಕರು ಬಲ್ಲರು. ಅದೇ ಉಪಾಯದಿಂದ, ಎರಡನೆಯ ಗೋಪುರವೊಂದರಲ್ಲಿ ಒತ್ತಡವನ್ನು ವಾತಾವರಣದ ಇಪ್ಪತ್ತನೇ ಒಂದು ಭಾಗದಷ್ಟಕ್ಕೆ ಅಥವಾ ಅದಕ್ಕೂ ಕೆಳಕ್ಕೆ ಇಳಿಸಿ ಶೇಷದಿಂದ ಮತ್ತಷ್ಟು ಎಣ್ಣೆ ಪಡೆಯುತ್ತಾರೆ. ಇಲ್ಲಿ ತಟ್ಟೆಗಳೂ ಆವಿಗೆ ಅಡ್ಡಿಯೇ. ಆದುದರಿಂದ ಸುಕ್ಕುಗಟ್ಟಿದ ತೆಳು ಲೋಹದ ಹಾಳೆಗಳ ಕಟ್ಟುಗಳನ್ನು ತುಂಬುವ ಪದ್ಧತಿ ಬಂದಿದೆ.

1973ರಲ್ಲಿ ತೈಲದ ಬೆಲೆ ನಾಲ್ಕು ಪಟ್ಟು ಏರಿದ ಮೇಲೆ ತಜ್ಞರ ದೃಷ್ಟಿ ಶಾಖದ ಉಳಿತಾಯದತ್ತ ಹೊರಳಿತು. ನೂರು ಟನ್ ತೈಲವನ್ನು ಭಟ್ಟಿ ಇಳಿಸಲು ಸರಿಸುಮಾರು ಒಂದರಿಂದ ಎರಡು ಟನ್ ಇಂಧನ ಸುಡಬೇಕಾಗುತ್ತದೆ. 15 ದಶಲಕ್ಷ ಟನ್ ಸಾಮರ್ಥ್ಯವಿರುವಲ್ಲಿ, ಈ ಇಂಧನದ ಹತ್ತನೇ ಒಂದು ಭಾಗ ಉಳಿದರೂ ವರ್ಷಕ್ಕೆ 15ರಿಂದ 30 ಸಾವಿರ ಟನ್ ಆಯಿತು. ಗೋಪುರದಿಂದ ಹೊರಬರುವ ಬಿಸಿ ಎಣ್ಣೆಗಳನ್ನು ಒಳಬರುವ ತಣ್ಣನೆಯ ಕಚ್ಚಾ ತೈಲದ ಪಕ್ಕದಲ್ಲಿ ಹಾಯಿಸಿದರೆ ಒಂದು ತಣಿಯುತ್ತದೆ, ಇನ್ನೊಂದು ಕಾಯುತ್ತದೆ. ಯಾವ ಬಿಸಿಯನ್ನು ಯಾವ ತಣ್ಣನೆಯ ಹರಿವಿಗೆ ಜೋಡಿಸಿದರೆ ಗರಿಷ್ಠ ಲಾಭ ಎಂಬುದನ್ನು ಲೆಕ್ಕಹಾಕುವ ವಿಧಾನವನ್ನು ಬೋಡೊ ಲಿನ್‌ಹಾಫ್ ಮತ್ತು ಸಂಗಡಿಗರು 1970ರ ದಶಕದ ಕೊನೆಯಲ್ಲಿ ರೂಪಿಸಿದರು. ಕುಲುಮೆ ಮುಟ್ಟುವ ಮೊದಲೇ ತೈಲವು 250 ಡಿಗ್ರಿಯ ಆಸುಪಾಸಿಗೆ ಕಾದಿರುವುದು ಇಂದು ಸಾಮಾನ್ಯ. ಗೃಹಿಣಿಯರು ಮಾಡುವ ಉಳಿತಾಯವೇ ಇದು. ಹೆಸರು ಮಾತ್ರ ದೊಡ್ಡದು.

ಗೋಪುರ, ತಟ್ಟೆ, ಶಾಖಗಳ ಈ ಸುಧಾರಣೆಗಳಿಗೆ ಹಣ ಸುಲಭವಾಗಿ ಮಂಜೂರಾಗುತ್ತದೆ; ಲಾಭವನ್ನು ಕಾಗದದ ಮೇಲೆ ತೋರಿಸಬಹುದು. ಕಾಗದದ ಮೇಲೆ ತೋರಿಸಲಾಗದ ಇನ್ನೊಂದು ಬಗೆಯ ಸುಧಾರಣೆಯಿದೆ. ನಮ್ಮ ಹುಡುಗರ ಜೀವ ನಿಂತಿರುವುದು ಅದರ ಮೇಲೆ.

ಕಚ್ಚಾ ತೈಲದೊಂದಿಗೆ ಉಪ್ಪುನೀರು ಬರುತ್ತದೆ. ಕಾಯಿಸಿದಾಗ ಅದರಲ್ಲಿನ ಮೆಗ್ನೀಸಿಯಂ, ಕ್ಯಾಲ್ಸಿಯಂ ಲವಣಗಳು ಒಡೆದು ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತದೆ. ಆವಿಯೊಡನೆ ಮೇಲೇರಿದ ಈ ಆಮ್ಲ, ತುದಿಯ ತಂಪಿನಲ್ಲಿ ನೀರಿನ ಹನಿಗಳಲ್ಲಿ ಕರಗಿ ಉಕ್ಕನ್ನು ತಿನ್ನುತ್ತದೆ. ಇದನ್ನು ತಡೆಯಲು, ಕುಲುಮೆಗೆ ಮೊದಲೇ ತೈಲಕ್ಕೆ ಸ್ವಲ್ಪ ಶುದ್ಧ ನೀರು ಬೆರೆಸಿ, ವಿದ್ಯುತ್ ಕ್ಷೇತ್ರದ ಬಲದಿಂದ ನೀರಿನ ಹನಿಗಳನ್ನು ಒಟ್ಟುಗೂಡಿಸಿ, ಉಪ್ಪಿನ ಸಮೇತ ತಳಕ್ಕಿಳಿಸುವ ಪಾತ್ರೆಯೊಂದಿರುತ್ತದೆ. ಡೀಸಾಲ್ಟರ್ ಎಂದು ಅದರ ಹೆಸರು. ಉಪ್ಪು ಕಳೆಯುವ ಈ ಪಾತ್ರೆ ಒಂದು ಹನಿ ಪೆಟ್ರೋಲನ್ನೂ ಕೊಡುವುದಿಲ್ಲ. ಆದುದರಿಂದ ಗೋಪುರದ ಸಾಮರ್ಥ್ಯ ಹೆಚ್ಚಿಸುವಾಗ ಇದನ್ನು ಮರೆಯುವುದು ಸುಲಭ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಾರ್ಟಿನೆಜ್ ಪಟ್ಟಣದ ಬಳಿ ಟೊಸ್ಕೊ ಕಂಪನಿಯ ಏವನ್ ಶುದ್ಧೀಕರಣಾಗಾರವಿತ್ತು. 1999ರ ಫೆಬ್ರವರಿ 10ರಂದು ಅಲ್ಲಿನ ಕಚ್ಚಾ ತೈಲದ ಘಟಕದಲ್ಲಿ ನಾಫ್ತಾ ಸಾಗುವ ಕೊಳವೆಯೊಂದರಲ್ಲಿ ಪುಟ್ಟ ಸೋರಿಕೆ ಕಂಡಿತು. ಘಟಕವನ್ನು ನಿಲ್ಲಿಸಲಿಲ್ಲ. ಹದಿಮೂರು ದಿನಗಳ ಕಾಲ ಕೊಳವೆಯನ್ನು ಬೇರ್ಪಡಿಸಿ ಬರಿದುಮಾಡುವ ಯತ್ನಗಳು ನಡೆದು ವಿಫಲವಾದವು. ಕವಾಟ ಸೋರುತ್ತಿತ್ತು, ಬಸಿಯುವ ದಾರಿ ಕಟ್ಟಿಕೊಂಡಿತ್ತು. 23ರಂದು, 150 ಅಡಿ ಎತ್ತರದ ಬಿಸಿ ಗೋಪುರ ನಡೆಯುತ್ತಿರುವಾಗಲೇ, ನಾಫ್ತಾ ಇನ್ನೂ ಒಳಗಿದ್ದ ಆ ಕೊಳವೆಯನ್ನು ಕಾರ್ಮಿಕರು ಕತ್ತರಿಸಿ ತೆಗೆಯುತ್ತಿದ್ದರು. ನಾಫ್ತಾ ಹೊರಚೆಲ್ಲಿ ಹೊತ್ತಿಕೊಂಡಿತು. ನಾಲ್ವರು ಸತ್ತರು, ಐದನೆಯವರು ತೀವ್ರವಾಗಿ ಗಾಯಗೊಂಡರು. ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿಯ ತನಿಖೆಯಲ್ಲಿ ಕೊಳವೆ ತಿನ್ನಲ್ಪಟ್ಟ ಕಾರಣಗಳೂ ಹೊರಬಂದವು. ಅವುಗಳಲ್ಲೊಂದು, ಡೀಸಾಲ್ಟರನ್ನು ಅದರ ವಿನ್ಯಾಸದ ಮಿತಿ ಮೀರಿ ನಡೆಸಿದ್ದು. ಹನಿ ಪೆಟ್ರೋಲ್ ಕೊಡದ ಪಾತ್ರೆಯ ಬೆಲೆ ಅಂದು ತಿಳಿಯಿತು.

ಎರಡನೆಯ ಶತ್ರು ಗಂಧಕ. ಬಿಸಿ ತೈಲದಲ್ಲಿನ ಗಂಧಕ, 260 ಡಿಗ್ರಿಗೂ ಮೇಲ್ಪಟ್ಟ ಶಾಖದಲ್ಲಿ ಸಾಮಾನ್ಯ ಉಕ್ಕನ್ನು ಒಳಗಿನಿಂದ ಸವೆಸುತ್ತದೆ. ಉಕ್ಕಿನಲ್ಲಿ ಸಿಲಿಕಾನ್ ಅತ್ಯಲ್ಪವಾಗಿದ್ದರೆ ಸವೆತ ಹಲವು ಪಟ್ಟು ಹೆಚ್ಚು. ಏವನ್ ಇದ್ದ ಕೌಂಟಿಯಲ್ಲಿಯೇ ಇರುವ ರಿಚ್‌ಮಂಡ್‌ನ ಷೆವ್ರಾನ್ ಶುದ್ಧೀಕರಣಾಗಾರದಲ್ಲಿ ಇದು ಬಯಲಿಗೆ ಬಂದದ್ದು 2012ರ ಆಗಸ್ಟ್ 6ರಂದು. ಎಂಟು ಇಂಚು ವ್ಯಾಸದ ಆ ಕೊಳವೆಸಾಲು 1976ರದು. ಅದರಲ್ಲಿ 52 ಇಂಚು ಉದ್ದದ ಒಂದು ತುಂಡಿನಲ್ಲಿ ಸಿಲಿಕಾನ್ ಇಲ್ಲವೆಂಬಷ್ಟು ಕಡಿಮೆ. ದಪ್ಪ ಅಳೆಯುವವರು ಬಾಗುಗಳ ಬಳಿ ಅಳೆಯುತ್ತಿದ್ದರು. ಬಾಗುಗಳ ಉಕ್ಕು ಚೆನ್ನಾಗಿತ್ತು, ಅಂಕಿಗಳೂ ಚೆನ್ನಾಗಿದ್ದವು. ನಡುವಿನ ತುಂಡು ಒಡೆದ ಕಡೆಯಲ್ಲಿ ಅದರ ಗೋಡೆಯ ಸುಮಾರು ಶೇಕಡಾ 90ರಷ್ಟು ಸವೆದುಹೋಗಿತ್ತು. ತಪಾಸಣೆ ಹೆಚ್ಚಿಸಿ ಅಥವಾ ಉತ್ತಮ ಲೋಹ ಹಾಕಿ ಎಂದು ಕಂಪನಿಯ ಬಲ್ಲವರೇ ಹತ್ತು ವರ್ಷಗಳಲ್ಲಿ ಕನಿಷ್ಠ ಆರು ಬಾರಿ ಸಲಹೆ ಮಾಡಿದ್ದರೆಂದು ಅದೇ ಮಂಡಳಿಯ ತನಿಖೆ ತಿಳಿಸಿತು.

ಅಂದು ಮಧ್ಯಾಹ್ನವೂ ಮೊದಲು ಕಂಡದ್ದು ಸಣ್ಣ ಸೋರಿಕೆಯೇ. ಅಂದೂ ಘಟಕ ನಿಲ್ಲಲಿಲ್ಲ. ಸೋರುವ ಜಾಗ ಹುಡುಕಲು ಕೊಳವೆಯ ಹೊದಿಕೆಯನ್ನು ಕಿತ್ತರು. ಸಂಜೆ ಆರೂವರೆಯ ಹೊತ್ತಿಗೆ ಕೊಳವೆ ಬಿರಿದು ಬಿಳಿಯ ಆವಿಯ ಮೋಡ 19 ಮಂದಿಯನ್ನು ಮುಚ್ಚಿತು. ಹದಿನೆಂಟು ಮಂದಿ ಬೆಂಕಿ ಹೊತ್ತುವ ಮೊದಲು ಕಣ್ಣು ಕಾಣದೆ ತಡವರಿಸುತ್ತಾ ಹೊರಬಂದರು. ಅಗ್ನಿಶಾಮಕ ವಾಹನದೊಳಗಿದ್ದ ಒಬ್ಬರು ಉರಿಯ ನಡುವೆಯೇ ದಾಟಿ ಬದುಕಿದರು. ಮುಂದಿನ ವಾರಗಳಲ್ಲಿ ಸುತ್ತಲಿನ ಸುಮಾರು 15,000 ಜನರು ಉಸಿರಾಟದ ತೊಂದರೆ ಮುಂತಾದವುಗಳಿಗೆ ಚಿಕಿತ್ಸೆ ಬೇಡಿ ಆಸ್ಪತ್ರೆಗಳಿಗೆ ಹೋದರು. ಕಾರ್ಖಾನೆಯ ನೆರೆಯಲ್ಲಿ ವಾಸಿಸುವ ನಮ್ಮವರೂ ಗಮನಿಸಬೇಕಾದ ಸಂಖ್ಯೆಯಿದು.

ಈ ರೋಗಕ್ಕೆ ಮದ್ದು ತಿಳಿಯದುದೇನಲ್ಲ. ಶೇಕಡಾ 9ರಷ್ಟು ಕ್ರೋಮಿಯಂ ಬೆರೆತ ಉಕ್ಕು ಗಂಧಕವನ್ನು ಬಹುಪಾಲು ತಡೆದುಕೊಳ್ಳುತ್ತದೆ. ಕೊಳವೆಗೆ ಒತ್ತಿಹಿಡಿದರೆ ಅದು ಯಾವ ಲೋಹವೆಂದು ಹೇಳುವ ಕೈ ಉಪಕರಣಗಳಿವೆ. ಶಬ್ದಾತೀತ ತರಂಗದಿಂದ ಗೋಡೆಯ ದಪ್ಪ ಅಳೆಯುವ, ಅಂಗೈಯಲ್ಲಿ ಹಿಡಿಯಬಹುದಾದ ಯಂತ್ರಗಳಿವೆ. ಗಲ್ಫಿನಲ್ಲಿ ಇನ್‌ಸ್ಪೆಕ್ಷನ್ ಕೆಲಸ ಮಾಡುವ ನಮ್ಮ ಯುವಕರ ಕೈಯಲ್ಲಿರುವುದು ಇವೇ. ಒಂದು ಬಾಗಿನಲ್ಲಿ ಅಳೆದು ಇಡೀ ಸಾಲಿಗೆ ಸಹಿ ಹಾಕುವುದೋ, ತುಂಡು ತುಂಡಾಗಿ ಅಳೆಯುವುದೋ ಎಂಬ ಪ್ರಶ್ನೆ ಪ್ರತಿ ಶಟ್‌ಡೌನ್‌ನಲ್ಲಿಯೂ ಅವರ ಮುಂದೆ ಬರುತ್ತದೆ. ಮೇಲಿನವರಿಗೆ ದಿನಗಳ ಲೆಕ್ಕ, ಗುತ್ತಿಗೆದಾರನಿಗೆ ಕೂಲಿಯ ಲೆಕ್ಕ. ತುಂಡು ತುಂಡಾಗಿ ಅಳೆಯಿರಿ ಎಂದೇ ನಾವು ಹೇಳುತ್ತೇವೆ, ಬೈಗುಳ ತಿನ್ನಬೇಕಾಗಿ ಬಂದರೂ.

ಕ್ಯಾಲಿಫೋರ್ನಿಯಾ ರಾಜ್ಯವು ಶುದ್ಧೀಕರಣಾಗಾರಗಳಿಗಾಗಿ ಹೊಸ ಸುರಕ್ಷತಾ ನಿಯಮಗಳನ್ನು ಜಾರಿಗೆ ತಂದುದು 2017ರ ಅಕ್ಟೋಬರ್ 1ರಿಂದ. ಲೋಹವು ಯಾವ ಯಾವ ರೀತಿಯಲ್ಲಿ ಸವೆಯಬಹುದೆಂಬುದನ್ನು ಮೊದಲೇ ಪರಿಶೀಲಿಸಿ ದಾಖಲಿಸುವುದು ಅದರಂತೆ ಕಡ್ಡಾಯ. ಅಪಾಯ ಕಂಡಾಗ ಕೆಲಸ ನಿಲ್ಲಿಸುವ ಅಧಿಕಾರ ಕಾರ್ಮಿಕನಿಗೂ ಉಂಟು. ರಿಚ್‌ಮಂಡ್‌ನ ಆ ಘಟಕ 2013ರಲ್ಲಿ ಪುನಃ ಆರಂಭವಾಯಿತು. ಒಡೆದ ಸಾಲಿಗೆ ಆಗ ಹಾಕಿದ್ದು ಕ್ರೋಮಿಯಂ ಬೆರೆತ ಉಕ್ಕಿನ ಕೊಳವೆ.