ದೆವ್ವದ ಪಾಲಿನ ಗಾರಿಗೆ

ನಮ್ಮ ಮನೆಯಿಂದ ಕರಿದ ತಿಂಡಿ ಹೊತ್ತು ಮುಳುಗಿದ ಮೇಲೆ ಹೊರಗೆ ಹೋಗಬೇಕಾದರೆ ಡಬ್ಬಿಯಲ್ಲಿ ಒಂದು ಇದ್ದಿಲ ಚೂರೂ ಜೊತೆಗೆ ಹೋಗಬೇಕು. ಇದ್ದಿಲು ಸಿಗದಿದ್ದರೆ ಒಣ ಮೆಣಸಿನಕಾಯಿ, ಅದೂ ಕೈಗೆ ಸಿಗದಿದ್ದರೆ ಕಬ್ಬಿಣದ ಮೊಳೆ. ಎಣ್ಣೆ, ತುಪ್ಪ, ಮಸಾಲೆಯ ವಾಸನೆಗೆ ಹುಣಸೆಮರದ ಮೇಲಿನದು ಕೆಳಗಿಳಿದು ಬೆನ್ನು ಹತ್ತುತ್ತದೆ ಎಂದು ಆಯಿ ಹೇಳುತ್ತಿದ್ದಳು. ಚಿಕ್ಕವಳಿದ್ದಾಗ ಮೂರು ಓಣಿ ದಾಟಿ ಸೋದರತ್ತೆಯ ಮನೆಗೆ ಕಡುಬಿನ ಡಬ್ಬಿ ಒಯ್ಯುವ ಕೆಲಸ ನನ್ನದು. ದೆವ್ವದ ಅಂಜಿಕೆಗಿಂತ ಇದ್ದಿಲ ಮಸಿ ಕಡುಬಿಗೆ ಹತ್ತಿ ಅತ್ತಿ ಬೈದಾಳೆಂಬ ಅಂಜಿಕೆಯೇ ಹೆಚ್ಚಾಗಿತ್ತು.

ಹೆದರಿಕೆ ಮತ್ತು ತಿಂಡಿ ಒಂದೇ ಡಬ್ಬಿಯಲ್ಲಿ ಕೂತು ಬರುವುದು ನನಗೆ ಹೊಸದಲ್ಲ ಅನ್ನುವುದಕ್ಕೆ ಇಷ್ಟು ಹೇಳಿದೆ. ಹೊಸದಾಗಿ ಬಂದಿದ್ದು ಹ್ಯಾಲೋವೀನ್ ಎಂಬ ಹೆಸರು. ಅದನ್ನು ಹೊತ್ತು ತಂದವರು ನನ್ನ ತಮ್ಮನ ಮಕ್ಕಳು.

ಅವರಿರುವುದು ಹೈದರಾಬಾದಿನ ಅಪಾರ್ಟ್‌ಮೆಂಟಿನಲ್ಲಿ. ಅಲ್ಲಿ ಅಕ್ಟೋಬರ್ 31 ಬಂತೆಂದರೆ ಮಕ್ಕಳು ಕರಿ ಬಟ್ಟೆ ಹಾಕಿಕೊಂಡು ಲಿಫ್ಟ್ ಹತ್ತಿಳಿದು ಮನೆಮನೆಗೆ ಚಾಕಲೇಟು ಕೇಳಿಕೊಂಡು ತಿರುಗುತ್ತವೆ. 2024ರಲ್ಲಿ ನರಕ ಚತುರ್ದಶಿ, ದೀಪಾವಳಿ, ಹ್ಯಾಲೋವೀನ್ ಎಲ್ಲ ಆ ಒಂದೇ ದಿನಕ್ಕೆ ಬಂದು ಕೂತವು. ತಮ್ಮ ಹಬ್ಬಕ್ಕೆಂದು ಮಕ್ಕಳನ್ನು ಊರಿಗೆ ಕರೆತಂದ. ಎಣ್ಣೆ ಸ್ನಾನ ಮುಗಿಸಿ, ಹೊಸ ಬಟ್ಟೆ ತೊಟ್ಟು, ಮುಖ ಗಂಟು ಹಾಕಿಕೊಂಡು ಎರಡೂ ಕಟ್ಟೆಯ ಮೇಲೆ ಕೂತಿದ್ದವು. ‘ಅತ್ತಿ, ಇಲ್ಲಿ ದೆವ್ವದ ಪಾರ್ಟಿ ಇಲ್ಲೇನು?’ ಎಂದು ಸಣ್ಣದು ಕೇಳಿತು.

ಅದು ಕೇಳಿದ್ದು ಕಲ್ಹೇರಿನಲ್ಲಿ. ನಾರಾಯಣಖೇಡದ ಮಗ್ಗುಲಿನ ಊರು, ಈಗ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆ. ಹೈದರಾಬಾದ್ ಸಂಸ್ಥಾನದ ಕಾಲದಿಂದ ನಾರಾಯಣಖೇಡ, ಜಹೀರಾಬಾದುಗಳು ಬೀದರ್ ಜಿಲ್ಲೆಗೆ ಸೇರಿದ್ದವು, ತಾಂಡೂರು ಗುಲ್ಬರ್ಗಕ್ಕೆ. 1956ರ ಅಕ್ಟೋಬರ್ 31ರ ರಾತ್ರಿ ಬೀದರ್ ಜಿಲ್ಲೆಯಲ್ಲಿ ಮಲಗಿದ ಇಲ್ಲಿನವರು ನವೆಂಬರ್ 1ರ ಬೆಳಿಗ್ಗೆ ಎದ್ದಿದ್ದು ಆಂಧ್ರಪ್ರದೇಶದಲ್ಲಿ. ಹ್ಯಾಲೋವೀನ್ ರಾತ್ರಿ ಇದಕ್ಕಿಂತ ದೊಡ್ಡ ಕಣ್ಕಟ್ಟು ಯಾವ ದೇಶದಲ್ಲೂ ನಡೆದಿರಲಿಕ್ಕಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು, ಬೀಗರ ಮನೆಯಲ್ಲಿ ಮರಾಠಿ. ಇಲ್ಲಿಯ ದೆವ್ವಕ್ಕೂ ನಾಲ್ಕು ಭಾಷೆ ಬಂದರೇನೇ ಬದುಕು.

ಮಕ್ಕಳ ಮಾತು ಕೇಳಿ ಅವ್ವ ಮೊದಲು ಸಿಡುಕಿದಳು. ‘ಹಬ್ಬದ ದಿನ ದೆವ್ವದ ಸುದ್ದಿ ಯಾಕ? ಸಂಜಿಗಿ ಅಮಾಸಿ ಬ್ಯಾರೆ ಕೂಡ್ತದ.’ ಪಂಚಾಂಗದ ಪ್ರಕಾರ ಅಂದು ನಾಲ್ಕರ ಸುಮಾರಿಗೆ ಅಮಾವಾಸ್ಯೆ. ಅಷ್ಟರೊಳಗೆ ಮುಗಿಸುತ್ತೇವೆಂದು ಮಾತು ಕೊಟ್ಟು ಅಡುಗೆಮನೆ ಹೊಕ್ಕೆವು.

ಆ ದಿನ ದೆವ್ವವನ್ನು ನೆನೆಯುವುದರಲ್ಲಿ ತಪ್ಪೇನಿಲ್ಲ ಎಂದು ನಾನು ವಾದ ಮಾಡಬಹುದಿತ್ತು. ನಮಗೆ ನರಕ ಚತುರ್ದಶಿಯಾದ ಅದೇ ತಿಥಿ ಬಂಗಾಳಿಗಳಿಗೆ ಭೂತ ಚತುರ್ದಶಿ. ಅವತ್ತು ಅಲ್ಲಿ ಹದಿನಾಲ್ಕು ಬಗೆಯ ಸೊಪ್ಪು ಬೇಯಿಸಿ ತಿಂದು, ಮನೆಯ ಮೂಲೆಮೂಲೆಗೆ ಹದಿನಾಲ್ಕು ದೀಪ ಇಡುತ್ತಾರೆ. ನಮ್ಮ ಮನೆಯಲ್ಲೇ ಮೊನ್ನೆ ತ್ರಯೋದಶಿಯ ಸಂಜೆ ದಕ್ಷಿಣಕ್ಕೆ ಮುಖ ಮಾಡಿ ಯಮನಿಗೊಂದು ದೀಪ ಹಚ್ಚಿದ್ದಾಗಿತ್ತು. ಅದೇ ತಿಂಗಳ 2ನೇ ತಾರೀಖು ಮಹಾಲಯ ಅಮಾವಾಸ್ಯೆ, ತೆಲುಗರ ಪೆತ್ರಮಾಸ. ಬೆಳಿಗ್ಗೆ ಹಿರಿಯರಿಗೆ ಎಡೆ, ಸಂಜೆ ಅದೇ ಅಂಗಳದಲ್ಲಿ ತಂಗೇಡಿ ಹೂ ಪೇರಿಸಿ ಹೂವಿನ ಹಬ್ಬ, ಎಂಗಿಲಿಪೂಲ ಬತುಕಮ್ಮ. ಸತ್ತವರಿಗೆ ಬಡಿಸಿದ ಕೈಯೇ ಹೂ ಕಟ್ಟುತ್ತದೆ, ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಅವ್ವನ ಹತ್ತಿರ ವಾದ ಗೆಲ್ಲುವುದಕ್ಕಿಂತ ಕುಂಬಳಕಾಯಿ ಗೆಲ್ಲುವುದು ಸುಲಭ.

ಅದೂ ಸುಲಭವಿರಲಿಲ್ಲ ಅನ್ನಿ. ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಕತ್ತಿ ಹಾಕುವಂತಿಲ್ಲ. ಗಂಡಸೊಬ್ಬ ಒಡೆದುಕೊಟ್ಟ ಮೇಲೆ ನಾವು ಮುಟ್ಟಬೇಕು. ಈ ಕಟ್ಟಳೆ ಕರ್ನಾಟಕದಲ್ಲೂ ಹಲವು ಕಡೆ ಇದೆ. ಯಾಕೆಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಕಥೆ. ನನಗೆ ಇದರಲ್ಲಿ ನಂಬಿಕೆಯಿಲ್ಲ. ಆದರೂ ನಮ್ಮ ಕಡೆಯ ಕಾಯಿಯ ಸಿಪ್ಪೆ ಎಷ್ಟು ಬಿರುಸೆಂದರೆ ಆ ಹೊತ್ತಿಗೆ ಕಟ್ಟಳೆಯೇ ಅನುಕೂಲವಾಗಿ ಕಂಡಿತು. ಫೋನಿನಲ್ಲಿ ಮುಳುಗಿದ್ದ ತಮ್ಮನನ್ನು ಎಬ್ಬಿಸಿ ಕೈಗೆ ಈಳಿಗೆ ಕೊಟ್ಟೆವು.

ಅಮೆರಿಕದ ಚಿತ್ರಗಳಲ್ಲಿ ಕಾಣುವ ಕಿತ್ತಳೆ ಬಣ್ಣದ ನುಣುಪು ಕಾಯಿಯ ಮುಂದೆ ನಮ್ಮದು ಏಣುಏಣಾದ ಹಳ್ಳಿಗ. ಆದರೆ ದೆವ್ವದ ದೀಪಕ್ಕೆ ಕುಂಬಳಕಾಯಿಯೇ ಆಗಬೇಕೆಂದು ಮೊದಲಿನಿಂದ ಇದ್ದದ್ದೇನಲ್ಲ. ಐರ್ಲೆಂಡಿನಲ್ಲಿ ಟರ್ನಿಪ್ ಗೆಡ್ಡೆ ಕೊರೆದು ಒಳಗೆ ಬೆಂಕಿ ಇಡುತ್ತಿದ್ದರು. ಅಲ್ಲಿಂದ ವಲಸೆ ಹೋದವರಿಗೆ ಅಮೆರಿಕದಲ್ಲಿ ದೊಡ್ಡ ಕುಂಬಳಕಾಯಿ ಸಿಕ್ಕಿತು, ಗೆಡ್ಡೆ ಬಿಟ್ಟರು. ಕೈಗೆ ಸಿಕ್ಕಿದ್ದರಲ್ಲಿ ಹಬ್ಬ ಮಾಡುವ ಜಾಣತನ ಎಲ್ಲ ವಲಸಿಗರದು. ನಾವೂ ಮೇಲಿನ ತೊಟ್ಟನ್ನು ಮುಚ್ಚಳದ ಹಾಗೆ ಕತ್ತರಿಸಿ, ಸೌಟಿನಿಂದ ತಿರುಳು ಕೆರೆದು ತೆಗೆದೆವು. ಕಣ್ಣು ಎರಡು ಕೊರೆಯುವಷ್ಟರಲ್ಲಿ ಚಾಕುವಿನ ಹಿಡಿ ಸಡಿಲಾಯಿತು. ಬಾಯಿ ಆಗಲೇ ಇಲ್ಲ. ಬಾಯಿಲ್ಲದ ದೆವ್ವ ಎಂದು ದೊಡ್ಡದು ಹೆಸರಿಟ್ಟಿತು. ಬಾಯಿ ಇಲ್ಲದಿದ್ದರೆ ತಿಂಡಿ ನಮಗೇ ಉಳಿಯುತ್ತದೆಂದು ಸಣ್ಣದರ ಲೆಕ್ಕ.

ಕೆರೆದ ತಿರುಳಿನಿಂದ ಗಾರಿಗೆ. ಅವತ್ತಿನ ಅಡುಗೆಯಲ್ಲಿ ನನಗೆ ಹೆಮ್ಮೆ ತಂದದ್ದು ಇದೇ, ಆದ್ದರಿಂದ ವಿವರವಾಗಿ ಹೇಳುತ್ತೇನೆ. ತುರಿದ ಕುಂಬಳಕಾಯಿ ಎರಡು ಬಟ್ಟಲು, ಪುಡಿ ಮಾಡಿದ ಬೆಲ್ಲ ಒಂದು ಬಟ್ಟಲು. ಎರಡನ್ನೂ ದಪ್ಪ ತಳದ ಪಾತ್ರೆಯಲ್ಲಿ ಹಾಕಿ ಸಣ್ಣ ಉರಿಯಲ್ಲಿ ಇಡಬೇಕು. ಒಂದು ಹನಿ ನೀರೂ ಬೇಡ. ಕುಂಬಳಕಾಯಿ ತಾನೇ ಸಾಕುಸಾಕೆನ್ನುವಷ್ಟು ಬಿಡುತ್ತದೆ. ತುರಿ ಬೆಂದು, ರಸ ಹಿಂಗಿ, ಸೌಟಿಗೆ ಅಂಟುವ ಹದಕ್ಕೆ ಬಂದ ಮೇಲೆ ಇಳಿಸಿ ಆರಲು ಬಿಡಿ. ಆಮೇಲೆ ಏಲಕ್ಕಿ, ಚಿಟಿಕೆ ಉಪ್ಪು, ಎರಡು ಚಮಚ ರವೆ, ಹಿಡಿಯುವಷ್ಟು ಗೋಧಿ ಹಿಟ್ಟು ಹಾಕಿ ಕಲಸಬೇಕು. ಹಿಟ್ಟು ಸುಮಾರು ಎರಡು ಬಟ್ಟಲು ಹಿಡಿಯುತ್ತದೆ, ಕಾಯಿ ಎಳೆಯದಾದರೆ ಇನ್ನೊಂದು ಹಿಡಿ. ಕಣಕ ಪೂರಿಗಿಂತ ತುಸು ಮೆತ್ತಗಿರಲಿ.

ಎಣ್ಣೆ ಸವರಿದ ಹಾಳೆಯ ಮೇಲೆ ಅಂಗೈಯಗಲ ತಟ್ಟಿ, ಚಾಕುವಿನ ಮೊನೆಯಿಂದ ಎರಡು ಮೂಲೆಗಣ್ಣು, ಗರಗಸದಂಥ ಒಂದು ಬಾಯಿ ಕತ್ತರಿಸಿ ತೆಗೆಯಿರಿ. ಕಾಯಿಗೆ ಬಾರದ ಬಾಯಿ ಗಾರಿಗೆಗೆ ಬಂತು. ರಂಧ್ರವಿದ್ದರೆ ಗಾರಿಗೆ ಉಬ್ಬುವುದಿಲ್ಲ, ಒಳಗಿನ ಆವಿ ಕಣ್ಣು ಬಾಯಿಯಿಂದ ಹೊರಟುಹೋಗುತ್ತದೆ. ಉಬ್ಬಿದ ಗಾರಿಗೆಯೇ ಗಾರಿಗೆ ಎನ್ನುವ ಅವ್ವನಿಗೆ ಇದು ಸರಿಬರಲಿಲ್ಲ. ಆದರೆ ಚಪ್ಪಟೆಯಾಗಿದ್ದರೇ ಮುಖ ಮುಖವಾಗಿ ಉಳಿಯುವುದು. ಉರಿ ನಡುವಣದಿರಲಿ. ಬೆಲ್ಲ ಬೇಗ ಕರ್ರಗಾಗುತ್ತದೆ, ಕಂದು ಬಣ್ಣ ಬಂದ ಕೂಡಲೇ ತೆಗೆಯದಿದ್ದರೆ ದೆವ್ವಕ್ಕೂ ಕಹಿ. ಕಣ್ಣಿನಿಂದ ಕತ್ತರಿಸಿ ತೆಗೆದ ಚೂರುಗಳನ್ನೂ ಕರಿದೆವು. ತಾಟಿನಲ್ಲಿ ಮೊದಲು ಖಾಲಿಯಾದದ್ದು ಅವೇ.

ಎರಡನೆಯದು ಎಲುಬು. ಇದು ನಮ್ಮ ಶಂಕರಪಾಳಿ, ಆಕಾರ ಮಾತ್ರ ಬೇರೆ. ಅರ್ಧ ಬಟ್ಟಲು ಹಾಲಿಗೆ ಅರ್ಧ ಬಟ್ಟಲು ಸಕ್ಕರೆ, ಕಾಲು ಬಟ್ಟಲು ತುಪ್ಪ ಹಾಕಿ ಬಿಸಿ ಮಾಡಿ ಕರಗಿಸಿ, ಆರಿದ ಮೇಲೆ ಎರಡೂ ಕಾಲು ಬಟ್ಟಲಿನಷ್ಟು ಮೈದಾ ಸೇರಿಸಿ ಗಟ್ಟಿಯಾಗಿ ನಾದುವುದು. ಮಕ್ಕಳ ಕಿರುಬೆರಳಿನ ದಪ್ಪಕ್ಕೆ ಹೊಸೆದು, ಎರಡೂ ತುದಿಯನ್ನು ಚಾಕುವಿನಿಂದ ಸೀಳಿ, ಸೀಳನ್ನು ಹೊರಕ್ಕೆ ಮಡಿಚಿದರೆ ಎಲುಬು. ದಪ್ಪ ಹೊಸೆದರೆ ಒಳಗೆ ಹಸಿ ಉಳಿಯುತ್ತದೆ. ಸಣ್ಣ ಉರಿಯಲ್ಲಿ ಕರಿದು, ಬಣ್ಣ ಕೆನೆಯಂತಿರುವಾಗಲೇ ತೆಗೆಯಬೇಕು. ಇಟಲಿಯಲ್ಲಿ ನವೆಂಬರ್ 2ರ ಸತ್ತವರ ದಿನಕ್ಕೆ ಎಲುಬಿನಂಥ ಬಿಸ್ಕತ್ತು ಮಾಡುತ್ತಾರೆ, ಅದರ ಹೆಸರೇ ಸತ್ತವರ ಎಲುಬು. ಇಂಗ್ಲೆಂಡಿನಲ್ಲಿ ಹಿಂದೆ ಬಡವರೂ ಮಕ್ಕಳೂ ಬಾಗಿಲಿಗೆ ಬಂದು ಸತ್ತವರಿಗಾಗಿ ಪ್ರಾರ್ಥಿಸಿದರೆ ಅವರಿಗೆ ಆತ್ಮದ ರೊಟ್ಟಿ ಎಂಬ ಸಣ್ಣ ಕೇಕು ಕೊಡುತ್ತಿದ್ದರು. ಹೈದರಾಬಾದಿನ ಲಿಫ್ಟಿನಲ್ಲಿ ಚಾಕಲೇಟು ಕೇಳುತ್ತಾ ಓಡಾಡುವ ಮಕ್ಕಳಿಗೂ ಆ ಬಾಗಿಲಿಗೂ ಒಂದು ಎಳೆ ಇದೆ.

ಮೆಕ್ಸಿಕೋದವರಂತೂ ಸಕ್ಕರೆಯಲ್ಲೇ ತಲೆಬುರುಡೆ ಎರಕ ಹೊಯ್ಯುತ್ತಾರೆ. ಆ ಚಿತ್ರ ನೋಡಿದಾಗಲೆಲ್ಲ ನನಗೆ ಉತ್ತರ ಕರ್ನಾಟಕದ ಗೌರಿ ಹುಣ್ಣಿಮೆಯ ಸಕ್ಕರೆ ಆರತಿ ನೆನಪಾಗುತ್ತದೆ. ಕಟ್ಟಿಗೆಯ ಅಚ್ಚನ್ನು ನೀರಿನಲ್ಲಿ ನೆನೆಸಿ, ದಾರದಿಂದ ಬಿಗಿದು, ಸಕ್ಕರೆ ಪಾಕ ಹೊಯ್ದು ತೆಗೆಯುವ ಗೊಂಬೆಗಳು. ಬರುವುದೂ ದೀಪಾವಳಿಯಾದ ಹದಿನೈದು ದಿನಕ್ಕೇ. ಅಚ್ಚು ಕೆತ್ತುವ ಕೈಗೆ ಯಾರಾದರೂ ತಲೆಬುರುಡೆಯೊಂದನ್ನು ಕೆತ್ತಿಕೊಡು ಎಂದರೆ ಏನೆಂದಾನೋ. ನನಗಂತೂ ಕೇಳುವ ಧೈರ್ಯವಿಲ್ಲ.

ಜಗಳ ಹತ್ತಿದ್ದು ಜೇಡಕ್ಕೆ. ಕರಿ ಎಳ್ಳು ಒಂದು ಬಟ್ಟಲು ಚಟಪಟ ಅನ್ನುವವರೆಗೆ ಹುರಿದು, ಆರಿಸಿ, ಮುಕ್ಕಾಲು ಬಟ್ಟಲು ಬೆಲ್ಲದ ಜೊತೆ ಕುಟ್ಟಿದರೆ ಎಳ್ಳಿನ ಎಣ್ಣೆಗೇ ಉಂಡಿ ಕಟ್ಟಲು ಬರುತ್ತದೆ. ಹಳೇ ಮೈಸೂರಿನವರು ಚಿಗಳಿ ಅನ್ನುವುದು ಇದಕ್ಕೇ. ಪಾಕದ ರಗಳೆಯಿಲ್ಲ, ಕೈ ಸುಡುವುದಿಲ್ಲ, ಮಕ್ಕಳೇ ಕಟ್ಟಬಹುದು. ಉಂಡಿಯ ಎರಡೂ ಬದಿಗೆ ನಾಲ್ಕು ನಾಲ್ಕು ದಪ್ಪ ಸೇವು ಚುಚ್ಚಿದರೆ ಕಾಲು, ಬಿಳಿ ಎಳ್ಳು ಎರಡು ಅಂಟಿಸಿದರೆ ಕಣ್ಣು. ಕರಿ ಎಳ್ಳಿನ ಡಬ್ಬಿ ಕೆಳಗಿಳಿಸಿದ್ದೇ ತಡ, ಅವ್ವ ಬಾಗಿಲಲ್ಲಿ ನಿಂತಳು.

‘ಹಬ್ಬದಾಗ ಕರಿ ಎಳ್ಳು ಮುಟ್ತಾರೇನು? ಅದು ಹಿರೇರಿಗಿ ಬಿಡೂದು.’

ಈ ಮಾತಿಗೆ ನಾನು ಸುಮ್ಮನಾದೆ. ಸೇವಿನ ಕಾಲು, ಕುಂಬಳಕಾಯಿಯ ಕಣ್ಣು ನಮಗೆ ಆಟ. ಕರಿ ಎಳ್ಳು ಆಟವಲ್ಲ. ತರ್ಪಣದಲ್ಲಿ ನೀರಿನ ಜೊತೆ ಬೆರಳಿನಿಂದ ಜಾರುವುದು ಅದು. ಅಪ್ಪ ತೀರಿಹೋದ ವರ್ಷದಿಂದ ಅವ್ವ ಆ ಡಬ್ಬಿಯನ್ನು ಬೇರೆಯೇ ಇಡುತ್ತಾಳೆ. ತಮ್ಮ ಬಿಳಿ ಎಳ್ಳಿನಲ್ಲೇ ಮಾಡೋಣ ಎಂದ. ಬಿಳಿ ಜೇಡ ಎಲ್ಲಾದರೂ ಉಂಟೇ ಎಂದು ಸಣ್ಣದು ಅಳುವುದಕ್ಕೆ ಶುರು ಮಾಡಿತು. ಅವ್ವ ಸ್ವಲ್ಪ ಹೊತ್ತು ನಿಂತಿದ್ದು, ಒಂದು ಕರಾರು ಹಾಕಿದಳು: ಮೊದಲ ಉಂಡಿ ಮಾಳಿಗೆಯ ಮೇಲೆ ಕಾಗೆಗೆ, ಉಳಿದದ್ದು ನಿಮಗೆ. ಬೆಲ್ಲ ತಾನೇ ಕುಟ್ಟಿಕೊಟ್ಟಳು.

ರೊಟ್ಟಿಯ ದೆವ್ವ ಮಾತ್ರ ಯಾರ ಅಪ್ಪಣೆಯೂ ಬೇಡದ್ದು. ಬಿಳಿ ಜೋಳದ ರೊಟ್ಟಿ ತಟ್ಟಿ ಬೇಯಿಸಿ, ಬಿಸಿಯಿರುವಾಗಲೇ ಕತ್ತರಿಯಿಂದ ತಲೆ, ಜೋಲುವ ಸೆರಗು, ಕಣ್ಣು ಕತ್ತರಿಸಬೇಕು. ಹಸಿ ಇದ್ದಾಗ ಕತ್ತರಿಸಲು ಹೋಗಬೇಡಿ. ಗೋಧಿಯ ಜಿಗುಟು ಜೋಳಕ್ಕಿಲ್ಲ, ಎತ್ತುವಾಗಲೇ ಹರಿಯುತ್ತದೆ. ಆರಿದ ಮೇಲೂ ಬೇಡ, ಮುರಿಯುತ್ತದೆ. ಸಜ್ಜೆ ರೊಟ್ಟಿಯಲ್ಲಿ ಮಾಡಿದರೆ ಬೂದು ಬಣ್ಣದ ದೆವ್ವ. ಕಾಳಿನ ಬಗೆ ಹೆಚ್ಚಿದಷ್ಟೂ ದೆವ್ವಕ್ಕೆ ಬಣ್ಣ ಹೆಚ್ಚು. ಜಹೀರಾಬಾದ್ ಹತ್ತಿರ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಹೆಣ್ಣುಮಕ್ಕಳು ಹಲವು ವರ್ಷಗಳಿಂದ ಇಂಥ ಸಿರಿಧಾನ್ಯಗಳ ಬೀಜ ಕಾಪಾಡಿಕೊಂಡು ಬಂದಿದ್ದಾರೆ, ಅದಕ್ಕಾಗಿ 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿಯೂ ಬಂದಿದೆ. ಅವರ ಬೀಜದ ಮಡಕೆಗಳ ಮುಂದೆ ನಿಂತರೆ ಎಷ್ಟು ಬಗೆಯ ದೆವ್ವ ತಟ್ಟಬಹುದೆಂದು ಲೆಕ್ಕ ಹಾಕುವುದು ನನ್ನ ಚಾಳಿ.

ರಕ್ತ ಬೇಕೇ ಬೇಕಲ್ಲ. ದೊಡ್ಡವರ ರೊಟ್ಟಿಗೆ ಕೆಂಪು ಮೆಣಸಿನಕಾಯಿಯ ರಂಜಕ ಸವರಿದೆವು, ನೋಡಿದರೂ ತಿಂದರೂ ಕಣ್ಣಲ್ಲಿ ನೀರು. ಮಕ್ಕಳಿಗೆ ಬೀಟ್‌ರೂಟ್ ಬೇಯಿಸಿ ಅರೆದು ನಿಂಬೆರಸ ಹಿಂಡಿದ್ದು.

ಮೂರೂವರೆಗೆಲ್ಲ ತಾಟು ತುಂಬಿತ್ತು. ಪಕ್ಕದ ಮನೆಗಳಿಂದ ಆರೇಳು ಮಕ್ಕಳು ಬಂದವು. ಅವಕ್ಕೆ ಹ್ಯಾಲೋವೀನ್ ಗೊತ್ತಿರಲಿಲ್ಲ, ಮೊಹರಮ್ಮಿನ ಹುಲಿವೇಷ ಗೊತ್ತಿತ್ತು. ಒಬ್ಬ ಕಂಬಳಿ ಹೊದ್ದು ಕರಡಿಯಾದ, ಮತ್ತೊಬ್ಬಳು ಬಿಳಿ ಪಂಚೆ ಸುತ್ತಿಕೊಂಡು ಬಾವಿ ದೆವ್ವವಾದಳು. ಹೈದರಾಬಾದಿನವರು ಅಂಗಡಿಯಿಂದ ತಂದಿದ್ದ ಮುಖವಾಡ ಯಾರನ್ನೂ ಹೆದರಿಸಲಿಲ್ಲ. ಬಾವಿ ದೆವ್ವ ಬಾಯಿ ತೆರೆದು ಒಂದು ಸಲ ಕೂಗಿದ್ದಕ್ಕೆ ಆ ಇಬ್ಬರೂ ಕಣಜದ ಹಿಂದೆ ಓಡಿದರು.

ಸಂಜೆ ಲಕ್ಷ್ಮೀಪೂಜೆ ಆದ ಮೇಲೆ ಕಟ್ಟೆಯ ತುಂಬ ಹಣತೆ, ನಡುವೆ ಬಾಯಿಲ್ಲದ ಕುಂಬಳಕಾಯಿ. ಒಳಗಿನ ದೀಪಕ್ಕೆ ಅದರ ಮೈ ಬಿಸಿಯಾಗಿ ಬೆಂದ ಕುಂಬಳಕಾಯಿಯ ವಾಸನೆ ಓಣಿಗೆಲ್ಲ ಹರಡಿತ್ತು. ಸೋದರತ್ತೆಯ ಮನೆಗೆ ಗಾರಿಗೆಯ ಡಬ್ಬಿ ಹೊರಟಿತು. ಗ್ಯಾಸಿನ ಒಲೆ ಬಂದ ಮೇಲೆ ಮನೆಯಲ್ಲಿ ಇದ್ದಿಲೆಲ್ಲಿ? ಅವ್ವ ಒಂದು ಮೆಣಸಿನಕಾಯಿ ಹಾಕಿ ಮುಚ್ಚಳ ಒತ್ತಿದಳು.

ಮೊದಲ ಜೇಡವನ್ನು ಮಧ್ಯಾಹ್ನವೇ ಮಾಳಿಗೆಯ ಮೇಲೆ ಎಲೆಯಲ್ಲಿಟ್ಟು ಬಂದಿದ್ದೆವು. ಸಣ್ಣದು ಮೆಟ್ಟಿಲ ಮೇಲೆ ಕೂತು ಕಾಯುತ್ತಿತ್ತು. ಕಾಗೆ ಬಂತು, ಕತ್ತು ಓರೆ ಮಾಡಿ ನೋಡಿತು, ಸೇವಿನ ಕಾಲುಗಳನ್ನು ಒಂದೊಂದಾಗಿ ಕಿತ್ತು ತಿಂದಿತು. ಉಂಡಿಯನ್ನು ಅಲ್ಲೇ ಬಿಟ್ಟು ಹಾರಿತು. ‘ಮುತ್ತ್ಯಾಗ ಖಾರಾನೇ ಸೇರ್ತಿತ್ತು’ ಎಂದು ಅವ್ವ ಕೆಳಗಿನಿಂದಲೇ ಹೇಳಿ, ಇನ್ನೊಂದು ಹಿಡಿ ಸೇವು ಕಳಿಸಿದಳು.